ಫ್ಯೂಸಜ್ಜ ಮುಚ್ಚಿದ ಬಾಗಿಲು

ನಗಬೇಡ್ರಿ. ನಮ್ಮ ಚಿಕ್ಕಪ್ಪನ ಮಗನಿಗೇ ಆಗಿದ್ದಿದು. ಹಿಟ್ಟಿನ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಅವನು. ರಾತ್ರಿ ಪಾಳಿ ಮುಗಿಸಿ, ಬಾವಿ ದಾಟಿ ಮನೆ ಕಡೆ ಬರ್ತಿದ್ದ. ಸೂಪರ್‌ವೈಸರ್ ಫೋನ್.

"ಬಿಸಿಗೆ ಪ್ಯಾನಲ್ ಮತ್ತೆ ಟ್ರಿಪ್ ಆಗಿ ಗಿರಣಿ ನಿಂತಿದೆ. ವಾಪಸ್ ಬಾ. ಬಾಗಿಲು ತೆಗೆದು ಫ್ಯಾನ್ ಇಡು."

ಫ್ಯಾನಂತೆ! ಇವತ್ತಿಗೂ ನನ್ನ ಮೈ ಉರಿಯುತ್ತೆ. ಮೋಟಾರುಗಳನ್ನೆಲ್ಲ ನಡೆಸೋ ಕಬ್ಬಿಣದ ಬೀರು ಅದು. ಬಿಸಿಯಾದ್ರೆ ಗಿರಣಿ ನಿಲ್ಲಿಸಿ, ಒಳಗೆಲ್ಲ ಒರೆಸಿ, ಫಿಲ್ಟರ್ ತೊಳೀಬೇಕು. ಒಂದು ಗಂಟೆ ನಿಲ್ಲಿಸೋಕೆ ಇವರಿಗೆ ಜೀವ ಹೋಗುತ್ತೆ. ಬಾಗಿಲು ತೆಗೆದಿಟ್ಟು ಫ್ಯಾನ್ ಹಚ್ಚಿದ್ರೆ ಗಾಳಿ ಜೊತೆ ಹಿಟ್ಟಿನ ಧೂಳೂ ಒಳಗೆ!

ಹೋದ ವರ್ಷ ಹಾಗೇ ಮಾಡಿಸಿದ್ರು. ಕಿಡಿ ಹಾರಿ ಫ್ಯೂಸಜ್ಜ ಸುಟ್ಟುಹೋದ. ಹಳೇ ಎಲೆಕ್ಟ್ರಿಷಿಯನ್ ಅವನು. "ಬಾಗಿಲು ಮುಚ್ಚ್ರಪ್ಪಾ" ಅಂತ ಬಾಯಿ ಬಡ್ಕೊಂಡವನೂ ಅವನೇ. ಸತ್ತ ಮೇಲೆ ಏನಂದ್ರು ಗೊತ್ತಾ? ಬಾಗಿಲು ತೆಗೆದಿಟ್ಟಿದ್ದು ಅವನದೇ ತಪ್ಪಂತೆ! ಇವರ ನಾಲಿಗೆ ಬಿದ್ದುಹೋಗ.

ತಮ್ಮ ಹೋದ. ಸ್ವಿಚ್ ಎತ್ತಿದ, ಮೋಟಾರು ಶುರುವಾಯ್ತು. ಬಾಗಿಲು ತೆಗೆದ, ಒಳಗೆಲ್ಲ ಹಿಟ್ಟಿನ ಧೂಳು. ಫ್ಯಾನ್ ಹಚ್ಚಿದ. ಗರ್ರ್... ಎರಡು ಹೆಜ್ಜೆ ಇಟ್ಟಿಲ್ಲ, ಫ್ಯಾನ್ ನಿಂತಿತು. ಆಮೇಲೆ... ಕಿರ್ರ್... ಧಡ್. ಕಟಕ್.

ಬಾಗಿಲು ಮುಚ್ಚಿತ್ತು. ಹಿಡಿಯೂ ತಿರುಗಿತ್ತು.

ಮತ್ತೆ ತೆಗೆದ. ಕಿರ್ರ್... ಧಡ್. ಕಟಕ್.

ಮೂರನೇ ಸಲ ಹಿಡಿಗೆ ಕೈ ಹಾಕಿದಾಗ ಕಿವಿ ಪಕ್ಕದಲ್ಲೇ ಪಿಸುಮಾತು... "ಬೇಡ ಮಗಾ... ಧೂಳು ಒಳಗೆ ಹೋಗುತ್ತೆ."

ಅಷ್ಟರಲ್ಲಿ ಸೂಪರ್‌ವೈಸರ್ ಬಂದ. "ಏನೋ ಮಂಗನಾಟ? ತೆಗಿ!"

"ತೆಗೆಯಲ್ಲ ಸಾರ್."

"ನಾಳೆಯಿಂದ ಕೆಲಸಕ್ಕೆ ಬರಬೇಡ!"

"ಕೆಲಸ ಹೋದ್ರೆ ಹೋಗ್ಲಿ ಸಾರ್. ನಾನು ಸಾಯಲ್ಲ. ನೀವೇ ತೆಗೀರಿ."

ತೆಗೀಲಿ ನೋಡೋಣ! ಎಳೆದ, ಒದ್ದ, ಸಲಾಕೆ ಹಾಕಿ ಮೀಟಿದ. ನಾಲ್ಕು ಜನ ಸೇರಿದ್ರೂ ಬಾಗಿಲು ಅಲುಗಲಿಲ್ಲ. ಗಿರಣಿ ಮಾತ್ರ ಬೆಳಗಿನವರೆಗೂ ಒಂದೇ ಸಮ ನಡೀತಿತ್ತು. ಟ್ರಿಪ್ಪೂ ಇಲ್ಲ, ಏನೂ ಇಲ್ಲ.

ಹುಡುಗ ಮನೆಗೆ ಬರಲಿಲ್ಲ ಅಂತ ಬೆಳಗ್ಗೆ ನಾನೇ ಹೋದೆ. ಆಗ ಮೈನ್ ಆಫ್ ಮಾಡಿಸಿ ತಮ್ಮ ಒಂದೇ ಬೆರಳಲ್ಲಿ ಹಿಡಿ ತಿರುಗಿಸಿದ. ತೆಗೀತು.

ಒಳಗೆ ಒಂದು ಚೂರು ಧೂಳಿರಲಿಲ್ಲ ಕಣ್ರಿ. ತಂತಿಗಳ ಸಂದಿಯನ್ನೂ ಬಿಡದೆ ಒರೆಸಿತ್ತು. ತಮ್ಮ ಸ್ವಿಚ್ ಎತ್ತಿದಾಗಿನಿಂದ ಬೆಳಗಿನವರೆಗೂ ಕರೆಂಟ್ ಒಂದು ಕ್ಷಣಾನೂ ಆಫ್ ಆಗಿರಲಿಲ್ಲ. ಕರೆಂಟ್ ಇರೋ ತಂತಿ ಸಂದಿಗೆ ಬದುಕಿರೋ ಮನುಷ್ಯ ಕೈ ಹಾಕ್ತಾನೇನ್ರಿ? ಸುಳ್ಳಲ್ಲ, ನನ್ನ ಈ ಎರಡು ಕಣ್ಣಲ್ಲೇ ನೋಡಿದೀನಿ. ಒರೆಸಿದ ಬಟ್ಟೆ ಕೆಳಗಿನ ಮೂಲೇಲಿ ಮಡಚಿಟ್ಟಿತ್ತು... ಇನ್ನೂ ಬೆಚ್ಚಗಿತ್ತು.