ತೂಬಿಲ್ಲದ ನೀರು

ನನ್ನ ಹೆಸರು ನಂದಕಿಶೋರ್ ಬಿನ್ ಲೇಟ್ ಶ್ರೀಪಾದರಾವ್, ವಯಸ್ಸು 51 ವರ್ಷ, ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲ್ಯಾಬ್ ಸಹಾಯಕ, ವಾಸ ಸೋಮೇಶ್ವರಪಾಳ್ಯ, ಮುಳಬಾಗಿಲು. ಅವಿವಾಹಿತ. ನಮ್ಮ ವಠಾರದ ಹಿಂದಿನ ಮನೆಯ ಚನ್ನರಾಯಪ್ಪ, ಸುಮಾರು 65 ವರ್ಷ, ಕಾಣೆಯಾಗಿರುವ ಬಗ್ಗೆ ಅವರ ಹೆಂಡತಿ ಮುನಿಯಲ್ಲಮ್ಮ ಕೊಟ್ಟಿರುವ ದೂರಿನ ಸಂಬಂಧ ನನ್ನನ್ನು ಠಾಣೆಗೆ ಕರೆಸಿ ಕೇಳಿದ್ದಕ್ಕೆ ನಾನು ತಿಳಿಸುವುದೇನೆಂದರೆ:

ನನ್ನ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಅಡಿ ಉದ್ದದ, 240 ಲೀಟರ್ ಹಿಡಿಯುವ ಗಾಜಿನ ತೊಟ್ಟಿ ಇದೆ. ಅದರಲ್ಲಿ ಸಮುದ್ರದ ನೀರು, ಸಮುದ್ರದ ಕಲ್ಲು, ಜೀವವಿದ್ದ ಹವಳ ಐದು, ಕಿತ್ತಳೆ ಪಟ್ಟೆಯ ಮೀನು ಎರಡು, ಸಿಗಡಿ ಒಂದು, ಬಸವನಹುಳು ಏಳು ಇದ್ದವು. ಆರು ವರ್ಷದಿಂದ ಸಾಕಿದ್ದೆ. ಎರಡು ತಿಂಗಳಿಗೊಮ್ಮೆ ಮದ್ರಾಸಿಗೆ ಬಸ್ಸಿನಲ್ಲಿ ಹೋಗಿ ಇಪ್ಪತ್ತು ಲೀಟರಿನ ಎರಡು ನೀಲಿ ಕ್ಯಾನುಗಳಲ್ಲಿ ನೀರು ತರುತ್ತಿದ್ದೆ.

ಚನ್ನರಾಯಪ್ಪನವರು ಬೈರಕೂರಿನ ಕಡೆಯ ಒಂದು ಕೆರೆಗೆ ನಲವತ್ತು ವರ್ಷ ನೀರುಗಂಟಿಯಾಗಿದ್ದವರು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು ಅವರ ಕೆಲಸ. ಕೆರೆ ಒಣಗಿದ ಮೇಲೆ ಇಲ್ಲಿಗೆ ಬಂದರು. ದಿನವೂ ಸಂಜೆ ಆರಕ್ಕೆ ನನ್ನ ಮನೆಗೆ ಬಂದು ತೊಟ್ಟಿಯ ಮುಂದೆ ಅರ್ಧ ಗಂಟೆ ಕೂತು ಹೋಗುತ್ತಿದ್ದರು. ಹೆಚ್ಚು ಮಾತಿರಲಿಲ್ಲ. ನನ್ನ ಮನೆಗೆ ಬೇರೆ ಯಾರೂ ಬರುತ್ತಿರಲಿಲ್ಲ. ಒಮ್ಮೆ ಅವರು ಸಮುದ್ರಕ್ಕೆ ತೂಬು ಎಲ್ಲಿದೆ ಎಂದು ಕೇಳಿದರು. ಇಲ್ಲ ಎಂದೆ. ತೂಬಿಲ್ಲದ ನೀರನ್ನು ನಂಬಬಾರದು ಎಂದರು. ಆದರೂ ಒಂದು ಸಲ ಕರೆದುಕೊಂಡು ಹೋಗಿ ತೋರಿಸಿ ಎಂದು ಬೇರೆ ಬೇರೆ ದಿನ ಮೂರು ಸಲ ಕೇಳಿದ್ದರು. ಮೂರು ಸಲವೂ ನೋಡೋಣ ಎಂದಿದ್ದೆ.

ಆಗಸ್ಟ್ ಕೊನೆಯಲ್ಲಿ ತೊಟ್ಟಿಯ ಮರಳಿನ ಮೇಲೆ ಕೆಂಪು ಲೋಳೆ ಹರಡಿತು. ನೋಡಲು ಪಾಚಿಯಂತೆ ಇರುತ್ತದೆ, ಆದರೆ ಪಾಚಿಯಲ್ಲ, ಒಂದು ಜಾತಿಯ ಬ್ಯಾಕ್ಟೀರಿಯಾ. ನಳಿಕೆಯಿಂದ ಎಳೆದು ತೆಗೆದರೂ ಮೂರು ದಿನಕ್ಕೆ ಮತ್ತೆ ಬರುತ್ತಿತ್ತು, ಹವಳದ ಬುಡ ಮುಚ್ಚತೊಡಗಿತ್ತು. ಅದಕ್ಕೆ ಎರಿಥ್ರೋಮೈಸಿನ್ ಮಾತ್ರೆ ಹಾಕಲು ನಿಶ್ಚಯಿಸಿದೆ. ನಲವತ್ತು ಲೀಟರಿಗೆ ಒಂದರಂತೆ ಆರು ಮಾತ್ರೆ, ಪುಡಿ ಮಾಡಿ, ಮೂರು ಸಂಜೆ. ದಿನಾಂಕ 11.09.2006ರ ಸೋಮವಾರ ಬೆಳಿಗ್ಗೆ 7 ಗಂಟೆಗೆ, ಸಂಜೆಗೆ ಕಾಯದೆ, ಮೊದಲ ಸಲದ್ದನ್ನು ನಾನೇ ಹಾಕಿದೆ. ಅದೇ ದಿನ 9.15ರ ಬಸ್ಸಿಗೆ ಹರ್ನಿಯಾ ಆಪರೇಷನ್ನಿಗಾಗಿ ಕೋಲಾರಕ್ಕೆ ಹೋದೆ. ಉಳಿದ ಎರಡು ಸಲದ ಪುಡಿಯನ್ನು ಎರಡು ಪೊಟ್ಟಣ ಮಾಡಿ, ಮನೆಯ ಬೀಗದ ಕೈ ಜೊತೆ ಚನ್ನರಾಯಪ್ಪನವರಿಗೆ ಕೊಟ್ಟೆ. ಗಾಳಿ ಪಂಪನ್ನು ನಿಲ್ಲಿಸಬಾರದು, ಬೇರೆ ಏನನ್ನೂ ಹಾಕಬಾರದು ಎಂದೆ. ಬೇರೆ ಏನನ್ನೂ ಎಂದರೆ ಏನು ಎಂದು ಬಿಡಿಸಿ ಹೇಳಲಿಲ್ಲ. ಜ್ವರದ ಮಾತ್ರೆ ಮೀನಿಗೇಕೆ, ಆ ಸಿಗಡಿಗೆ ನೆಗಡಿಯೇ ಎಂದು ಅವರು ನಕ್ಕರು. ಆಸ್ಪತ್ರೆಯ ಫಾರಂನಲ್ಲಿ ರೋಗಿಯ ಕಡೆಯವರು ಎಂಬಲ್ಲಿ ಅವರ ಹೆಸರನ್ನೇ ಬರೆದೆ. ಸಂಬಂಧ ಎಂಬ ಜಾಗವನ್ನು ಖಾಲಿ ಬಿಟ್ಟೆ.

15ನೇ ತಾರೀಕು ಶುಕ್ರವಾರ ಸಂಜೆ 4.40ಕ್ಕೆ ಮನೆಗೆ ಬಂದೆ. ಚನ್ನರಾಯಪ್ಪನವರು ಜಗುಲಿಯಲ್ಲಿ ಕಾದು ಕೂತಿದ್ದರು. ಮುಖ ಖುಷಿಯಾಗಿತ್ತು. ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, ಪೂರ್ತಿ ಹೋಯಿತು ನೋಡಿ ಎಂದರು. ಕೆಂಪು ಲೋಳೆ ಪೂರ್ತಿ ಹೋಗಿತ್ತು. ಹವಳ ಐದೂ ಮುದುಡಿ ಬೆಳ್ಳಗಾಗಿದ್ದವು. ಬಸವನಹುಳುಗಳು ಮರಳಿನ ಮೇಲೆ ಅಂಗಾತ ಬಿದ್ದಿದ್ದವು. ಸಿಗಡಿ ಇರಲಿಲ್ಲ, ಅದರ ಮೀಸೆ ಮಾತ್ರ ಒಂದು ಕಲ್ಲಿಗೆ ಸಿಕ್ಕಿಕೊಂಡಿತ್ತು. ಮೀನು ಎರಡೂ ನೀರಿನ ಮೇಲ್ಭಾಗದಲ್ಲಿ ಬಾಯಿ ಬಿಡುತ್ತಿದ್ದವು. ನೀರಿಗೆ ತೆಳುವಾದ ನೀಲಿ ಬಣ್ಣ ಬಂದಿತ್ತು.

ಕೇಳಿದಾಗ ಅವರು ಹೇಳಿದ್ದು: ಮಂಗಳವಾರ ಒಂದು ಪೊಟ್ಟಣ ಹಾಕಿದರೂ ಪಾಚಿ ಹೋಗದಿದ್ದುದರಿಂದ, ನಾನು ಬರುವಷ್ಟರಲ್ಲಿ ಶುದ್ಧವಾಗಿರಲಿ ಎಂದು, ಬುಧವಾರ ಗೊಬ್ಬರದ ಅಂಗಡಿಯಿಂದ ನೂರು ಗ್ರಾಂ ಮೈಲುತುತ್ತ ತಂದು ಒಂದು ಚಮಚ ಕರಗಿಸಿ ಹಾಕಿದರು. ಊರಿನ ಕುಂಟೆಗೂ ಬಾವಿಗೂ ಪಾಚಿ ಕಟ್ಟಿದರೆ ಅವರು ಹಾಕುತ್ತಿದ್ದುದು ಅದನ್ನೇ. ಅಲ್ಲಿ ಕಪ್ಪೆಗೂ ಏನೂ ಆಗುತ್ತಿರಲಿಲ್ಲವಂತೆ. ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು, ನಾನು ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಹುಡುಗರಿಗೆ ತೂಗಿ ಕೊಡುತ್ತಿದ್ದೇನೆ. ಹವಳಕ್ಕೆ, ಸಿಗಡಿಗೆ ಅದು ವಿಷ. ಆ ಒಂದು ಹೆಸರನ್ನು ಅವರಿಗೆ ಹೇಳಬೇಕೆಂದು ನನಗೆ ತೋಚಿರಲಿಲ್ಲ.

ಆಮೇಲೆ ನಾನು ಕೂಗಾಡಿದ್ದು ನಿಜ. ವಠಾರದವರು ಬಂದು ನಿಂತಿದ್ದೂ ನಿಜ. ಏನೆಂದು ಕೂಗಾಡಿದೆ ಎಂಬುದನ್ನು ನಿನ್ನೆ ಮನೆಗೆ ಬಂದು ವಿಚಾರಿಸಿದ ಹೆಡ್ ಕಾನ್‌ಸ್ಟೇಬಲ್‌ರವರಿಗೆ ಹೇಳಿರಲಿಲ್ಲ. ಈಗ ಹೇಳುತ್ತೇನೆ. ನಾನು ಅಂದದ್ದು: "ನಲವತ್ತು ವರ್ಷ ನೀರು ಬಿಟ್ಟೆ ಅಂತೀರಲ್ಲ, ನಿಮಗೆ ನೀರೇ ಗೊತ್ತಿಲ್ಲ. ಅದಕ್ಕೇ ನಿಮ್ಮ ಕೆರೆ ಒಣಗಿದ್ದು."

ಅವರು ಬೀಗದ ಕೈಯನ್ನು ಮೊಳೆಗೆ ನೇತುಹಾಕಿದರು. ತೊಟ್ಟಿಯ ಹತ್ತಿರ ಹೋಗಿ, ಗಾಜಿಗೆ ಬೆರಳು ತಾಗಿಸಿ, "ಇದಕ್ಕೆ ಬೇರೆ ನೀರು ಬಿಟ್ರೆ ಬದುಕ್ತಾವಾ, ಮೇಷ್ಟ್ರೇ?" ಎಂದು ಕೇಳಿದರು. ಎಲ್ಲಾ ನೀರೂ ಹೊಸದಾಗಿಯೇ ಬೇಕು, ಅದು ನಿಮ್ಮ ಕೈಲಿ ಆಗುವ ಕೆಲಸವಲ್ಲ ಎಂದು ಹೇಳಿ ಬಾಗಿಲು ಹಾಕಿಕೊಂಡೆ. ಆಗ ಸಮಯ 5.20. ಮೀನು ಒಂದು 6.05ಕ್ಕೆ, ಇನ್ನೊಂದು 7.10ಕ್ಕೆ ಸತ್ತವು. ಆರು ಗಂಟೆಗೆ ಅವರು ಬರಲಿಲ್ಲ.

ಮರುದಿನ ಶನಿವಾರ ಬೆಳಿಗ್ಗೆ 6.30ಕ್ಕೆ ಮುನಿಯಲ್ಲಮ್ಮ ಬಾಗಿಲು ತಟ್ಟಿ, ಗಂಡ ಹಾಸಿಗೆಯಲ್ಲಿಲ್ಲ, ಅಂಗಿಯ ಜೇಬಿನಲ್ಲಿದ್ದ ಮೈಲುತುತ್ತದ ಪೊಟ್ಟಣವೂ ಇಲ್ಲ ಎಂದರು. ನಾನು ಸತ್ತ ಮೀನುಗಳನ್ನು ಒಂದು ಬಟ್ಟಲಿನಲ್ಲಿ ಇಟ್ಟುಕೊಂಡು ಕೂತಿದ್ದೆ. ಆಕೆ ಅದನ್ನು ನೋಡಿ, "ಮೀನಿಗೆ ಅತ್ತಿದ್ದು ಸಾಕು, ಮೇಷ್ಟ್ರೇ. ನಮ್ ಯಜಮಾನ್ರು ಎಲ್ಲಿ ಅಂತ ಹೇಳಿ" ಎಂದರು. ನನಗೆ ಗೊತ್ತಿರಲಿಲ್ಲ. ಹೊಲಿಗೆ ಹಾಕಿದ ಜಾಗ ನೋಯುತ್ತಿದ್ದರೂ ಆಟೋದಲ್ಲಿ ಬೈರಕೂರಿಗೆ ಹೋಗಿ, ಅವರ ಹಳೆಯ ಕೆರೆಯ ಏರಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದೆ. ತೂಬಿನ ಕಲ್ಲಿನ ಹತ್ತಿರವೂ ನೋಡಿದೆ. ಭಾನುವಾರ ಸುತ್ತಲಿನ ಮೂರು ಬಾವಿಗಳಿಗೆ ಇಣುಕಿದೆ. ಸಿಗಲಿಲ್ಲ.

ಈ ದಿನ ಬೆಳಿಗ್ಗೆ 7 ಗಂಟೆಗೆ ತೊಟ್ಟಿಯ ನೀರು ಹೊರಹಾಕಲು ಬಕೆಟ್ಟಿಗೆಂದು ಹೊರಗಿನ ಮೆಟ್ಟಿಲ ಕೆಳಗೆ ಕೈಹಾಕಿದಾಗ, ಅಲ್ಲಿರುತ್ತಿದ್ದ ಎರಡು ನೀಲಿ ಕ್ಯಾನುಗಳು ಕಾಣಲಿಲ್ಲ. ಅವು ಇದ್ದ ಜಾಗದಲ್ಲಿ ಒಂದು ಕಾಗದದ ಪೊಟ್ಟಣವಿತ್ತು, ಬಾಯಿ ಮಡಿಸಿ ದಾರ ಸುತ್ತಿತ್ತು. ಪಕ್ಕದಲ್ಲಿ ಹಾಕದೆ ಉಳಿದ ಮಾತ್ರೆಯ ಪುಡಿಯ ಪೊಟ್ಟಣವೂ ಇತ್ತು. ಮೊದಲನೆಯದರಲ್ಲಿದ್ದ ಮೈಲುತುತ್ತವನ್ನು ತೂಕ ಮಾಡಿದೆ. 94 ಗ್ರಾಂ ಇದೆ. ಒಂದು ಚಮಚ ಕಳೆದರೆ ಉಳಿಯುವುದು ಅಷ್ಟೇ. ಸದರಿ ಪೊಟ್ಟಣವನ್ನು ಈ ಹೇಳಿಕೆಯೊಂದಿಗೆ ಹಾಜರುಪಡಿಸಿದ್ದೇನೆ.

ಕ್ಯಾನುಗಳು ಕಳುವಾಗಿವೆಯೆಂದು ನಾನು ದೂರು ಕೊಡುತ್ತಿಲ್ಲ. ನಮ್ಮ ಬೀದಿಯಿಂದ ಬೈಪಾಸ್ ರಸ್ತೆ ಒಂದು ಕಿಲೋಮೀಟರ್‌ಗಿಂತ ಹೆಚ್ಚಿಲ್ಲ. ಮದ್ರಾಸಿನ ಬಸ್ಸುಗಳು ಅಲ್ಲಿಯೇ ನಿಲ್ಲುತ್ತವೆ. ಚನ್ನರಾಯಪ್ಪನವರಿಗೆ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ, ತೆಲುಗು ಮಾತಾಡುತ್ತಾರೆ, ತಮಿಳು ಬಾರದು. ತುಂಬಿದ ಕ್ಯಾನು ಎರಡನ್ನೂ ಒಟ್ಟಿಗೆ ಎತ್ತಲು ಅವರ ಕೈಲಿ ಆಗುವುದಿಲ್ಲ. ನಾನೇ ಒಂದನ್ನು ಇಟ್ಟು ಇನ್ನೊಂದನ್ನು ತರುತ್ತೇನೆ. ಆದಕಾರಣ ಮದ್ರಾಸಿನ ಕಡಲತೀರದ ಠಾಣೆಗಳಿಗೆ ಬೇಗ ತಿಳಿಸಬೇಕೆಂದು ಕೋರುತ್ತೇನೆ. ನಾನೂ ಇಂದು 1.30ರ ಬಸ್ಸಿಗೆ ಹೋಗುತ್ತಿದ್ದೇನೆ. ತೊಟ್ಟಿಯ ಕಲ್ಲುಗಳಿಗೆ ತಾಮ್ರ ಹಿಡಿದಿರುವುದರಿಂದ ಅವನ್ನು ಎಸೆದು, ಗಾಜನ್ನು ನಾಲ್ಕು ಸಲ ತೊಳೆದು, ಖಾಲಿ ಇಟ್ಟಿದ್ದೇನೆ. ನಾನಿಲ್ಲದಾಗ ಅವರು ಬಂದರೆ ನೀರು ಸುರಿಯಲು ತೊಂದರೆಯಾಗಬಾರದೆಂದು ಬೀಗದ ಕೈಯನ್ನು ಮುನಿಯಲ್ಲಮ್ಮನವರಿಗೆ ಕೊಟ್ಟಿದ್ದೇನೆ.

ಬರೆದುಕೊಂಡಿದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಅವರಿಗೂ ನನಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ, ನನ್ನ ಕಡೆಯವರು ಎಂದು ಬರೆಸಿದ್ದೇನೆ.

ಸ್ಥಳ: ಮುಳಬಾಗಿಲು
ದಿನಾಂಕ: 18.09.2006, ಬೆಳಿಗ್ಗೆ 11.45
ಸಹಿ: ನಂದಕಿಶೋರ್