ದೋನ್ ಎಲೆಯುತೇರಿಯೊ ಹೆಸರಿನಲ್ಲಿ ಬದಲಾದ ಪಟ್ಟಿ

ನಾನು ಫಾಬಿಯೋಲಾ ಚೋಕೆ ಇಯಾನೆಸ್, ವಯಸ್ಸು 36 ವರ್ಷ, ಉದ್ಯೋಗ: ಪುರಸಭೆಯ ವಸತಿ ವಿಭಾಗದಲ್ಲಿ ಕಂಪ್ಯೂಟರ್ ನಿರ್ವಾಹಕಿ, ವಾಸ: ಮೊಲಿನೊ ಓಣಿ, ವಿಲ್ಯ ಕಂತುತಾ, ಬೊಲಿವಿಯ. ಈ ದಿನ ಬೆಳಿಗ್ಗೆ 9-20ಕ್ಕೆ ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಕಚೇರಿಯಲ್ಲಿ ಕೆಳಗೆ ನಾಲ್ಕು ಕಂಪ್ಯೂಟರ್‌ಗಳಿವೆ, ಮೇಲಿನ ಮಹಡಿಯಲ್ಲಿ ಮುಖ್ಯಸ್ಥರಾದ ರಾಮಿರೊ ಓರೆಯಾನಾ ಅವರ ಕೋಣೆಯಲ್ಲಿ ಒಂದಿದೆ. ಒಂದರಲ್ಲಿಟ್ಟ ಕಡತ ಐದರಲ್ಲೂ ತೆರೆಯುವಂತೆ ಜೋಡಿಸಿದವಳು ನಾನೇ. ಕುಸಿಯುತ್ತಿರುವ ಗುಡ್ಡದಿಂದ ಹೊಸ ನಿವೇಶನಗಳಿಗೆ ಹೋಗಬೇಕಾದ 61 ಕುಟುಂಬಗಳ ಪಟ್ಟಿಯನ್ನು ಯಾರು ಬೇಕಾದರೂ ಓದಬಹುದು. ತಿದ್ದುವ ಅಧಿಕಾರ ನಾವೆಲ್ಲ ಗೌರವದಿಂದ ದೋನ್ ಎಂದು ಕರೆಯುವ ಗುಮಾಸ್ತ ಎಲೆಯುತೇರಿಯೊ ಅಪಾಸಾ, 64 ವರ್ಷ, ಅವರೊಬ್ಬರಿಗೇ ಇದೆ. ಮನೆಮನೆಗೆ ಹತ್ತಿ ಇಳಿದು ಗೋಡೆಯ ಬಿರುಕು ಅಳೆದು ಪಟ್ಟಿ ಮಾಡಿದವರು ಅವರು. ಅವರಿಗೆ ಪಾಸ್‌ವರ್ಡ್ ನೆನಪಿರುತ್ತಿರಲಿಲ್ಲ. ಆದ್ದರಿಂದ ತೀರಿಹೋದ ಅವರ ಹೆಂಡತಿಯ ಹೆಸರನ್ನೇ ನಾನು ಪಾಸ್‌ವರ್ಡ್ ಮಾಡಿಕೊಟ್ಟಿದ್ದೆ. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ದಿನಾಂಕ 12-3-2019, ಮಂಗಳವಾರ, ಮಧ್ಯಾಹ್ನ 12-10ಕ್ಕೆ ದೋನ್ ಎಲೆಯುತೇರಿಯೊ ಎಂದಿನಂತೆ 400 ಮೀಟರ್ ದೂರದ ಮನೆಗೆ ಊಟಕ್ಕೆ ಹೋದರು. ನಾನು ಮೇಜಿನ ಮೇಲೆ ಕಡಲೆಕಾಯಿ ಸೂಪಿನ ಡಬ್ಬಿ ಬಿಚ್ಚಿಟ್ಟುಕೊಂಡಿದ್ದೆ. 12-35ಕ್ಕೆ ಓರೆಯಾನಾ ಅವರು ಮೇಲಿನಿಂದ ಫೋನ್ ಮಾಡಿ, ಪಟ್ಟಿಯಲ್ಲಿ ಒಂದಕ್ಷರ ತಪ್ಪಿದೆ, ಪಾಸ್‌ವರ್ಡ್ ಹೇಳಮ್ಮ, ಪಾಪ ಆ ಮುದುಕನ್ನ ಊಟದ ಮೇಲಿಂದ ಯಾಕೆ ಎಬ್ಬಿಸೋದು ಎಂದರು. ಹೆರ್ಮಿನಿಯಾ ಎಂಬ ಹೆಸರನ್ನು ನಾನು ಅಕ್ಷರ ಅಕ್ಷರವಾಗಿ ಹೇಳಿದೆ. ಸೂಪು ಇನ್ನೂ ಬಿಸಿ ಇತ್ತು.

ಶುಕ್ರವಾರ 15ರಂದು ಬೆಳಿಗ್ಗೆ 10ಕ್ಕೆ ಪಟ್ಟಿಯನ್ನು ಗೋಡೆಗೆ ಅಂಟಿಸಲಾಯಿತು. ಗುಡ್ಡದ ಒಂಬತ್ತು ಕುಟುಂಬಗಳು ಅದರಲ್ಲಿರಲಿಲ್ಲ. ಬದಲಿಗೆ ಸಮತಟ್ಟಾದ ಪೇಟೆಬೀದಿಯ ಒಂಬತ್ತು ಹೆಸರುಗಳಿದ್ದವು. ಅವುಗಳಲ್ಲಿ ಒಂದು ಓರೆಯಾನಾ ಅವರ ಭಾವಮೈದುನನದು. ಕೈಬಿಟ್ಟುಹೋದವರಲ್ಲಿ ಒಬ್ಬರಾದ ದೊನ್ಯಾ ಎನ್ಕಾರ್ನಾಸಿಯೊನ್ ಲಿಮಾಚಿ ಮೂರು ಸಲ ಬೆರಳಿಟ್ಟು ತಮ್ಮ ಹೆಸರು ಹುಡುಕಿದರು. ನಂತರ ದೋನ್ ಎಲೆಯುತೇರಿಯೊ ಕಡೆ ತಿರುಗಿ, ನಮ್ಮ ಹಿತ್ತಲ ಗೋಡೆ ಬಿರುಕಿನೊಳಗೆ ಮೊಣಕೈವರೆಗೂ ಕೈ ಹಾಕಿ ನೋಡಿದೋರು ನೀವೇ ಅಲ್ವಾ ಎಂದು ಕೇಳಿದರು.

ಕಡತದಲ್ಲಿ ಕೊನೆಯದಾಗಿ ತಿದ್ದಿದವರು ಎಂದು ಅವರ ಹೆಸರೇ ಇತ್ತು, ಮಂಗಳವಾರ 12-48. ಸೋಮವಾರ 18ರಂದು ಅವರನ್ನು ಅಮಾನತು ಮಾಡಿದರು. ಹೊರಗೆ ಹೋಗುವಾಗ ಬಡವರ ಮನೆ ನುಂಗಿದವನು ಎಂದು ಯಾರೋ ಕೂಗಿದರು. ನಾನು ಕಿಟಕಿಯ ಹತ್ತಿರವೇ ನಿಂತಿದ್ದೆ. ಪಾಸ್‌ವರ್ಡ್ ಕೊಟ್ಟದ್ದನ್ನು ಯಾರಿಗೂ ಹೇಳಲಿಲ್ಲ.

ಮಂಗಳವಾರ 19ರಂದು ಸಂಜೆ 5ಕ್ಕೆ ಅವರ ಮನೆಗೆ ಹೋದೆ. ಪಾಸ್‌ವರ್ಡ್ ನಾನೇ ಕೊಟ್ಟೆ ಎಂದೆ. ಅವರು ಕುರ್ಚಿ ಎಳೆದುಕೊಟ್ಟು, ಗೊತ್ತು ಮಗಳೇ, ಇನ್ಯಾರಿಗೆ ಗೊತ್ತಿತ್ತು, ನಿಂಗೆ ಎರಡು ಮಕ್ಕಳು, ನಾನು ಎಂಟು ತಿಂಗಳಿಗೆ ಹೆಂಗೂ ನಿವೃತ್ತಿ ಆಗೋನು, ಸುಮ್ನಿದ್ಬಿಡು ಎಂದರು. ನನ್ನವಳ ಹೆಸರನ್ನ ಮಾತ್ರ ಆ ಪಾಸ್‌ವರ್ಡಿನಿಂದ ತೆಗೆದುಬಿಡು ಎಂದೂ ಹೇಳಿದರು.

ಯಾರ ಹೆಸರಿನಲ್ಲಿ, ಯಾವ ಕಂಪ್ಯೂಟರಿನಿಂದ, ಎಷ್ಟು ಹೊತ್ತಿಗೆ ಕಡತ ತೆರೆದರು ಎಂಬುದನ್ನು ಕಡತವಿರುವ ಯಂತ್ರ ತಾನಾಗಿ ಬರೆದಿಡುತ್ತದೆ. ಬುಧವಾರ 20ರಂದು 8-40ಕ್ಕೆ ನೋಡಿದಾಗ, 12ರ ಮಧ್ಯಾಹ್ನದ ಸಾಲಿನಲ್ಲಿ ಹೆಸರು ದೋನ್ ಎಲೆಯುತೇರಿಯೊ ಅವರದಿತ್ತು, ಕಂಪ್ಯೂಟರ್ ಮೇಲಿನ ಮಹಡಿಯದಿತ್ತು. 9-15ಕ್ಕೆ ಓರೆಯಾನಾ ಅವರು ಕೆಳಗಿಳಿದು ಬಂದು, ಆ ಹಳೇ ದಾಖಲೆ ಎಲ್ಲ ಕಸ, ಇವತ್ತೇ ಗುಡಿಸಿಬಿಡು ಎಂದರು. ಎರಡು ಗಂಟೆ ಹಿಡಿಯುತ್ತದೆ ಎಂದೆ. ಆ ಹೊತ್ತಿನಲ್ಲಿ ಆ ದಾಖಲೆಯ ನಾಲ್ಕು ಹಾಳೆ ಮುದ್ರಿಸಿಕೊಂಡು, ತಿದ್ದುವ ಮೊದಲಿನ 8ನೇ ತಾರೀಖಿನ ಪಟ್ಟಿಯ ಪ್ರತಿಯೊಂದಿಗೆ ಚೀಲಕ್ಕೆ ಹಾಕಿಕೊಂಡೆ. ಏನನ್ನೂ ಅಳಿಸಲಿಲ್ಲ. ಎರಡನ್ನೂ ಈಗ ಹಾಜರುಪಡಿಸಿದ್ದೇನೆ.

ನಿವೇಶನದ ಪತ್ರ ಹಂಚುವುದು ನಾಳೆ. ಅದನ್ನು ತಡೆಯಲು 10-50ಕ್ಕೆ ಸರ್ಕಾರಿ ವಕೀಲರಿಂದ ಆದೇಶ ಬಂದಿತೆಂದು ಈ ಹೇಳಿಕೆ ಬರೆದುಕೊಳ್ಳುತ್ತಿದ್ದ ಸಾರ್ಜೆಂಟ್ ಉರ್ಕೀಸೊ ತಿಳಿಸಿದರು. ಪಾಸ್‌ವರ್ಡ್ ಕೊಟ್ಟ ಸಾಲು ಇದ್ದರೆ ನಿಮ್ಮ ಕೆಲಸಕ್ಕೂ ಕುತ್ತು, ಬೇಕಿದ್ದರೆ ಬಿಟ್ಟು ಬರೆಯುತ್ತೇನೆ ಎಂದರು. ಅದು ಇರಲಿ, ಅದಿಲ್ಲದೆ ದೋನ್ ಎಲೆಯುತೇರಿಯೊ ಮೇಲಿನ ಕಳಂಕ ಹೋಗುವುದಿಲ್ಲ ಎಂದೆ.

ಬರೆದದ್ದನ್ನು ನನಗೆ ಎರಡು ಸಲ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ. ಯಾರ ಬಲವಂತವೂ ಇಲ್ಲ.

ಸ್ಥಳ: ವಿಲ್ಯ ಕಂತುತಾ
ದಿನಾಂಕ: 21-3-2019, ಬೆಳಿಗ್ಗೆ 11-25
ಸಹಿ: ಫಾಬಿಯೋಲಾ ಚೋಕೆ ಇಯಾನೆಸ್