ಕೆಳಗಿನ ಸಾಲಿನ ಚೀಲಗಳು

ಗಂಗಾವತಿ ಬಸ್ ನಿಲ್ದಾಣದಲ್ಲಿ ಕನಕಗಿರಿಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಬೀಜದ ಅಂಗಡಿಯ ಗಂಡ ಹೆಂಡತಿ ಕೂತಿದ್ದರು. ಆಕೆಯ ಮಡಿಲಲ್ಲಿ ಒದ್ದೆ ಬಟ್ಟೆಯ ಸಣ್ಣ ಗಂಟಿತ್ತು.

“ಮರಳಿ ಊರಿನ ಮಾರೆಪ್ಪ ಫೋನ್ ಎತ್ತವಲ್ಲ, ಹೇಮಾ.”

“ಗದ್ದ್ಯಾಗ ಇರ್ತಾನ. ಬೀಜ ನೆನಿ ಹಾಕಿಬಿಟ್ಟಾನೋ ಏನೋ.”

“ನಿನ್ನಿ ಮ್ಯಾಲಿನ ಚೀಲ ಮುಗದಿದ್ವು. ಚೀಟಿ ನೋಡದ ಕೆಳಗಿನ ಸಾಲಿನವು ಎಂಟು ತಗದು ಅವಗ ಕೊಟ್ಟೆ.”

“ಆ ಸಾಲು ಎರಡು ವರ್ಷದಿಂದ ಅಲ್ಲೇ ಐತಿ. ಹೊಸಾ ಮಾಲು ಬಂದಾಗೊಮ್ಮೆ ಅದರ ಮ್ಯಾಲೇ ಒಟ್ಟತೀರಿ.”

“ಗೋದಾಮಿನ ನೆಲ ಬರಿದು ಮಾಡಬಾರದು, ಲಕ್ಷ್ಮಿ ಹೋಗ್ತಾಳ ಅಂತ ಅವ್ವ ಹೇಳ್ತಿದ್ಲು.”

“ಅತ್ತಿ ಕಾಲದಾಗ ಜ್ವಾಳದ ಚೀಲ ಇದ್ವು. ಅದರ ಮ್ಯಾಲ ತಾರೀಖು ಇರತಿರಲಿಲ್ಲ.”

ಅವನು ಮತ್ತೆ ಫೋನ್ ಹಚ್ಚಿದ. ಆಕೆ ಮಾತು ಮುಂದುವರಿಸಿದಳು.

“ಇಷ್ಟು ಯಾಪಾರ ಆದ್ರೂ ಲಾಭ ಎಲ್ಲಿ ಹೋಗ್ತೈತಿ ಅಂತ ಕೇಳ್ತಿದ್ರಲ್ಲ? ಎಲ್ಲೂ ಹೋಗಿಲ್ಲ. ಆ ಸಾಲಿನಾಗ ಕುಂತೈತಿ.”

“ಹಳೇವಾದ್ರೇನು? ಮೊಳಕಿ ಒಡದಾವು.”

ಆಕೆ ಗಂಟು ಬಿಚ್ಚಿದಳು.

“ಇವು ಅದೇ ಸಾಲಿನವು. ಕಸಾ ಹೊಡಿಯೂ ಮುಂದ ತಾರೀಖು ಮುಗದದ್ದು ಕಂಡು, ನೂರು ಕಾಳು ನೆನಿಸಿ ಕಟ್ಟಿಟ್ಟಿದ್ದೆ. ಮೂರು ದಿನ ಆತು. ಮೊಳಕಿ ಒಡದವು ಎಷ್ಟು, ಎಣಸ್ರಿ.”

“ಆವಾಗ್ಲೇ ಹೇಳಬಾರದಿತ್ತ?”

“ಅತ್ತಿ ಮಾತಿಗೆ ಎದುರು ಹೇಳಿದ್ರ ಕೇಳ್ತಿದ್ರೇನು?”

ಅವನು ಬೆರಳಿನಿಂದ ಕಾಳು ಸರಿಸುತ್ತ ಎಣಿಸಿದ.

“ಹನ್ನೊಂದು.”

ಮರಳಿಯ ಬಸ್ಸು ಬಂದು ನಿಂತಿತು. ಅವನು ಏಳಲಿಲ್ಲ.

“ಮಾರೆಪ್ಪಗ ಏನಂತ ಹೇಳ್ಲಿ?”

ಆಕೆ ಬಟ್ಟೆಯನ್ನು ಮತ್ತೆ ಗಂಟು ಕಟ್ಟಿ ಅವನ ಕೈಗಿಟ್ಟು, ಬಸ್ಸಿನ ಕಡೆ ನಡೆದಳು.

“ಏನೂ ಹೇಳಬ್ಯಾಡ್ರಿ. ಇದನ್ನ ಬಿಚ್ಚಿ ಅವನ ಮುಂದ ಇಡ್ರಿ.”